ಅರಸನ ಪೀಕದಾನಿ

"ಮಣಿಗೆರೆಯ ಪ್ರಜೆಗಳು ಕಿವಿಗೊಡಬೇಕು. ರಾಜಕುಮಾರಿ ಹೈಮವತಿಯ ಮೂರು ಒಗಟುಗಳನ್ನು ಶುಕ್ರವಾರದ ಸಭೆಯಲ್ಲಿ ಬಿಡಿಸಿದವನು ಕೇಳಿದ್ದನ್ನು ಪಡೆಯುತ್ತಾನೆ. ತಪ್ಪಿದವನು ತಲೆ ಕೊಡುತ್ತಾನೆ. ಇದು ಅರಸರ ಅಪ್ಪಣೆ."

ಡಂಗುರ ಕೇಳಿಸಿದಾಗ ದೇಮಣ್ಣ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗುತ್ತಿದ್ದ. ಕೂಸು ಅವನ ಅಕ್ಕ ಹೊನ್ನವ್ವನದು. ಊರಿನಲ್ಲಿ ಕ್ಷಯ ಹಬ್ಬಿತ್ತು. ಆಸ್ಥಾನದ ವೈದ್ಯರು ಎಲ್ಲರ ಬೆರಳಿಗೂ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ತಮ್ಮ ಪುಡಿಯ ಮೇಲೆ ಬೀಳಿಸುತ್ತಿದ್ದರು. ಪುಡಿ ನೀಲಿಯಾದರೆ ಆ ಮನುಷ್ಯ ಕೋಟೆಯ ಹೊರಗಿನ ಗುಡಿಸಲಿಗೆ ಹೋಗಬೇಕು. ಒಂದು ದಿನವೂ ಕೆಮ್ಮದ ಹೊನ್ನವ್ವನ ಪುಡಿ ನೀಲಿಯಾಯಿತು, ಕೂಸನ್ನು ಬಿಟ್ಟು ಹೊರಗೆ ಹೋದಳು. ಆಮೇಲೆ ರಾಜಕುಮಾರಿಯ ಪುಡಿಯೂ ನೀಲಿಯಾಯಿತು. ತನ್ನ ಒಗಟು ಬಿಡಿಸುವವರು ಯಾರೂ ಇಲ್ಲವಾದರೆ ಮಾತ್ರ ಹೊರಗೆ ಹೋಗುವೆನೆಂದು ಆಕೆ ಹಟ ಹಿಡಿದಳು. ಕಂಡವರೆಲ್ಲ ನುಗ್ಗದಿರಲಿ ಎಂದು ತಲೆಯ ಮಾತು ಸೇರಿಸಿದವನು ಅರಸ. ಈಚೀಚೆಗೆ ಅವನಿಗೆ ಎಲ್ಲದಕ್ಕೂ ಸಿಡುಕು.

ದೇಮಣ್ಣ ಅರಮನೆಯವರು ಉಗುಳುವ ಪೀಕದಾನಿಗಳನ್ನು ತೊಳೆಯುವವನು. ಅವುಗಳಲ್ಲಿ ಕಂಡದ್ದನ್ನು ಬಾಯಿಬಿಡುವುದಿಲ್ಲ ಎಂದು ಕೆಲಸಕ್ಕೆ ಸೇರುವಾಗಲೇ ಉಪ್ಪು ಮುಟ್ಟಿ ಆಣೆ ಮಾಡಬೇಕು. ವೈದ್ಯರಂತೂ ಎಂಜಲೆಂದು ಅತ್ತ ಕಣ್ಣೂ ಹಾಯಿಸುತ್ತಿರಲಿಲ್ಲ, ಅಷ್ಟು ಮಡಿ.

ಶುಕ್ರವಾರ ಸಭೆ ತುಂಬಿತ್ತು. ತೆರೆಯ ಹಿಂದಿನಿಂದ ರಾಜಕುಮಾರಿ ಕೇಳಿದಳು: "ಮನೆಗೆ ಕಳ್ಳ ನುಗ್ಗಿದ್ದನ್ನು ಕಾವಲುಗಾರ ಕಂಡಿದ್ದಾನೆ, ಮರೆತಿಲ್ಲ. ಆದರೆ ಕಳ್ಳ ಒಳಗೆ ಮಲಗಿದ್ದಾನೋ, ಕೊಳ್ಳೆ ಹೊಡೆಯುತ್ತಿದ್ದಾನೋ ಹೇಳಲಾರ. ಆ ಕಾವಲುಗಾರ ಯಾರು?"

ನೆರೆರಾಜ್ಯದ ಯುವರಾಜ ಮೀಸೆ ತೀಡಿಕೊಂಡು "ನಾಯಿ" ಎಂದ. ಹಿರಿಯ ವೈದ್ಯರು ಬಹಳ ಹೊತ್ತು ಯೋಚಿಸಿ "ಕನಸು" ಎಂದರು. ಸಂಜೆಗೆ ತಲೆ ತೆಗೆಯುವುದೆಂದು ಇಬ್ಬರನ್ನೂ ನೆಲಮಾಳಿಗೆಗೆ ಎಳೆದೊಯ್ದರು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ದೇಮಣ್ಣನಿಗೆ ಹೆದರಿಕೆಯಾಗಿತ್ತು. ಆದರೂ ಮುಂದೆ ಬಂದ.

"ರಕ್ತ ಕಣವ್ವಾ. ರೋಗ ಒಳಗೆ ಬಂದದ್ದು ಅದಕ್ಕೆ ಗೊತ್ತು. ಮಲಗೈತೋ ಎದ್ದೈತೋ ಗೊತ್ತಿಲ್ಲ."

ಸಭೆ ಗುಜುಗುಜು ಎಂದಿತು. ರಾಜಕುಮಾರಿ ಎರಡನೆಯದನ್ನು ಕೇಳಿದಳು: "ಒಳಮನೆಯ ಸುದ್ದಿ ಹೊತ್ತು ಹೊರಗೆ ಬರುವ ಓಲೆ. ಎಲ್ಲರೂ ಅಸಹ್ಯಪಟ್ಟು ಚೆಲ್ಲುತ್ತಾರೆ, ಓದುವವರಿಲ್ಲ. ಯಾವುದದು?"

"ಕಫ. ದಿನಾ ನಾನೇ ಚೆಲ್ಲೋನು."

"ಹಾಗಾದರೆ ಮೂರನೆಯದು. ಎದ್ದಿರುವ ಕಳ್ಳ ಈ ಅರಮನೆಯಲ್ಲಿ ಯಾರ ಎದೆಯೊಳಗಿದ್ದಾನೆ?"

ದೇಮಣ್ಣನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ಆಣೆ ಮುರಿಯುತ್ತದೆ, ಹೇಳದಿದ್ದರೆ ತಲೆ ಹೋಗುತ್ತದೆ. ಮನೆಯಲ್ಲಿ ಕೂಸು ಹನ್ನೊಂದು ದಿನದಿಂದ ಅಳುತ್ತಿತ್ತು.

"ನಿಮ್ಮ ಪೀಕದಾನೀಲಿ ಏನೂ ಇರಲ್ಲ ತಾಯಿ," ಎಂದ. "ದೊರೆಗಳದರಲ್ಲಿ ಎರಡು ತಿಂಗಳಿಂದ ಕೆಂಪು ಎಳೆ ಕಾಣ್ತೈತೆ."

ಅರಸ ಎದ್ದು ನಿಂತ. "ಇವನ ನಾಲಿಗೆ ಸೀಳಿ. ನನ್ನ ಪುಡಿ ನೀಲಿಯಾಗಲಿಲ್ಲ."

"ರೋಗ ಬಲಿತು ರಕ್ತಾನೇ ಸೊರಗೈತೆ. ಸೊರಗಿ ಬಿದ್ದ ಕಾವಲುಗಾರ ಹೇಗೆ ಕೂಗ್ತಾನೆ ದೊರೇ?"

ಅರಸ ಏನೋ ಹೇಳಹೊರಟ, ಕೆಮ್ಮು ಬಂತು. ವಸ್ತ್ರವನ್ನು ಬಾಯಿಗೆ ಒತ್ತಿ, ಆಮೇಲೆ ಮುಷ್ಟಿಯಲ್ಲಿ ಮುಚ್ಚಿಕೊಂಡ. ಹೈಮವತಿ ತೆರೆ ಸರಿಸಿ ಬಂದು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ವಸ್ತ್ರ ಕೆಂಪಾಗಿತ್ತು.

"ನನಗೆ ಅನುಮಾನವಿತ್ತು ಅಪ್ಪಾಜಿ. ನೀವು ನೋಡಲು ಬಿಡಲಿಲ್ಲ, ಈ ವೈದ್ಯರು ನೋಡಲು ಮನಸ್ಸು ಮಾಡಲಿಲ್ಲ."

ಅರಸ ನೆಲಮಾಳಿಗೆಯಲ್ಲಿದ್ದವರನ್ನು ಬಿಡಿಸಿದ. ಹಿರಿಯ ವೈದ್ಯರ ಕೈಗೆ ತನ್ನ ಪೀಕದಾನಿಯನ್ನೇ ಕೊಟ್ಟು, ನೋಡಿ ಔಷಧಿ ಶುರುಮಾಡಿ ಎಂದ. ಅವರು ಮೂಗು ಮುಚ್ಚಿಕೊಳ್ಳಲಿಲ್ಲ.

"ನಿನಗೇನು ಬೇಕೋ? ಊರು ಕೇಳು, ಕೊಡುತ್ತೇನೆ," ಎಂದ ಅರಸ ದೇಮಣ್ಣನಿಗೆ.

"ನಮ್ಮಕ್ಕ ಬೇಕು. ಅವಳಂಥೋರೂ ಬರಲಿ. ಹೊರಗೆ ಹಾಕೋ ಮುಂಚೆ ಕೆಮ್ಮು ಐತಾ ಕೇಳಿ, ಕಫ ನೋಡಿ."

ಸಂಜೆ ಕೋಟೆಯ ಬಾಗಿಲು ತೆರೆಯಿತು. ಹೊನ್ನವ್ವ ಓಡಿಬಂದು ದೇಮಣ್ಣನ ಹೆಗಲಿನಿಂದ ಕೂಸನ್ನು ಕಸಿದುಕೊಂಡಳು. ಅದು ಅವಳ ಮುಖವನ್ನು ನೋಡಿತು, ಮತ್ತೆ ನೋಡಿತು, ಆಮೇಲೆ ಎದೆಗೆ ಮುಖ ಹುದುಗಿಸಿ ಹಾಲು ಹುಡುಕತೊಡಗಿತು. ಹನ್ನೊಂದು ದಿನದಿಂದ ಅದನ್ನು ಹೊತ್ತು ತಿರುಗುತ್ತಿದ್ದ ದೇಮಣ್ಣ ಅಲ್ಲೇ ಕಲ್ಲಿನ ಮೇಲೆ ಕೂತ. ಅವನ ಕಾಲು ಅಲುಗಲಿಲ್ಲ.