ಮೀಟರ್ ಮುಳ್ಳಿನ ಸಾಕ್ಷಿ

ಬೆಳಿಗ್ಗೆ ತುಂಬಿಸಿದ ಡೀಸೆಲ್ ಮಧ್ಯಾಹ್ನಕ್ಕೇ ಖಾಲಿ ಎಂದು ಜೀಪಿನ ಮೀಟರ್ ಮುಳ್ಳು ತೋರಿಸಿತು. ಮುಳ್ಳು ಸರ್ಕಾರದ್ದು, ಡ್ರೈವರ್ ಭರಮಪ್ಪ ದಿನಗೂಲಿಯವನು. ಯಾರನ್ನು ನಂಬಬೇಕೆಂಬುದು ಪಕ್ಕದಲ್ಲಿ ಕೂತಿದ್ದ ಸಾಹೇಬರಿಗೆ ಗೊತ್ತಿತ್ತು.

"ಡೀಸೆಲ್ ಮಾರಿಕೊಂಡಿದ್ದೀಯ. ನಾಳೆಯಿಂದ ಕೆಲಸಕ್ಕೆ ಬರಬೇಡ."

"ಟ್ಯಾಂಕಿನ ವೈರ್ ಸಡಿಲ ಆಗಿರಬೇಕು ಸಾರ್. ನಿಲ್ಲಿಸಿ ನೋಡ್ತೀನಿ."

"ನೋಡೋದೇನಿದೆ? ಮುಳ್ಳು ಸುಳ್ಳು ಹೇಳುತ್ತಾ?"

ಭರಮಪ್ಪ ಗಾಡಿ ಓಡಿಸುತ್ತಲೇ ಮೀಟರಿನ ಹಿಂದೆ ಕೈಹಾಕಿ ಒಂದು ವೈರ್ ಕಿತ್ತ. ವೇಗದ ಮುಳ್ಳು ಅರವತ್ತರಿಂದ ಸೊನ್ನೆಗೆ ಬಿತ್ತು.

"ಗಾಡಿ ನಿಂತಿದೆ ಸಾರ್," ಎಂದ. "ಇಳೀಬಹುದು."

ಸಾಹೇಬರು ಮುಳ್ಳು ನೋಡಿದರು. ಹಿಂದಕ್ಕೆ ಓಡುತ್ತಿದ್ದ ಹುಣಸೆಮರಗಳನ್ನೂ ನೋಡಿದರು. ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಮೊದಲು ಗಾಡಿ ನಿಲ್ಲಿಸಯ್ಯ," ಎಂದರು. "ಆ ಟ್ಯಾಂಕಿನ ವೈರ್ ನೋಡು."