ಮಾತಿಗೊಬ್ಬರು

ಕಾರ್ಕಳದ ಗೇರುಬೀಜದ ಕಾರ್ಖಾನೆಯ ಹೆಂಗಸರು ಗುಲಾಬಿಯನ್ನು ಯೂನಿಯನ್ ಪ್ರತಿನಿಧಿಯಾಗಿ ಆರಿಸಿದರು. ಮರುದಿನವೇ ಮ್ಯಾನೇಜರ್ ಪಡಿಯಾರರು ಅವಳನ್ನು ಗೋದಾಮಿಗೆ ಹಾಕಿ, "ಅವಳ ಹತ್ತಿರ ಮಾತಾಡಿದವರಿಗೆ ಇಲ್ಲಿ ಕೆಲಸವಿಲ್ಲ" ಎಂದರು. ಆರಿಸಿದವರೇ ತಲೆ ತಗ್ಗಿಸಿ ದಾಟಿಹೋದರು. ಗುಲಾಬಿ ಗೋಣಿಚೀಲಗಳ ನಡುವೆ ಒಬ್ಬಳೇ ಉಂಡಳು. ದಿನಗಳು ಹೋದಂತೆ ಅವಳಿಗೆ ತನ್ನ ದನಿಯೇ ಮರೆತಂತಾಯಿತು.

ಒಂದು ಮಧ್ಯಾಹ್ನ ಬುತ್ತಿ ಹಿಡಿದು ಪಡಿಯಾರರ ಕೋಣೆಗೆ ಹೋಗಿ ಎದುರಿಗೇ ಕುಳಿತಳು.

"ಇಲ್ಲೇನು ಕೆಲಸ?"

"ನನ್ನ ಹತ್ತಿರ ಮಾತಾಡಿದರೂ ಕೆಲಸ ಹೋಗದವರು ನೀವೊಬ್ಬರೇ ಸರ್. ಅದಕ್ಕೆ ಬಂದೆ."

ಊಟ ಮುಗಿಯುವವರೆಗೂ ಕೈ ಸುಡುವ ಗೇರುಸಿಪ್ಪೆಯ ಎಣ್ಣೆ, ಬಾಗಿಲಿಲ್ಲದ ಕಕ್ಕಸು ಎಲ್ಲ ಹೇಳಿದಳು. ಮರುದಿನವೂ ಬಂದಳು, ಅದರ ಮರುದಿನವೂ. ಕೊನೆಗೆ ಪಡಿಯಾರರು ಎಂಜಲು ಕೈಯಲ್ಲೇ ಹೊರಬಂದು, "ಇವಳನ್ನು ನಿಮ್ಮ ಜೊತೆ ಕೂರಿಸಿಕೊಳ್ಳಿ, ಕಕ್ಕಸಿಗೆ ಬಾಗಿಲು ನಾಳೆಯೇ ಹಾಕಿಸುತ್ತೇನೆ" ಎಂದರು.

ಹೆಂಗಸರು ಸರಿದು ಜಾಗ ಕೊಟ್ಟರು. ಗುಲಾಬಿ ಬುತ್ತಿ ಹಿಡಿದು ನಡುವೆ ಕುಳಿತಳು. ಮೊದಲು ಅವಳೇ ಕೇಳಿದಳು, "ಉಪ್ಪಿನಕಾಯಿ ಯಾರು ತಂದಿದ್ದೀರಿ?"