ಏಳನೆಯ ಪೀಠ

ಮಂತ್ರಿ ದೇಪರಸನಿಗೆ ಹಳೆಯ ಗುರುಗಳು ನೆನಪಾಗುತ್ತಿದ್ದದ್ದು ಕುತ್ತಿಗೆಗೆ ಬಂದಾಗ ಮಾತ್ರ. ಅಂದು ಹೊಳೆದಂಡೆಯ ಮಠಕ್ಕೆ ಬಂದವನೇ ಮರುಳಯ್ಯನವರಿಗೆ ಅಡ್ಡಬಿದ್ದ. ಜೊತೆಗೆ ಬಂದಿದ್ದ ವರದಯ್ಯ ದೂರದ ಹೊಂಗೆಮರದಡಿ ನಿಂತ.

“ಪರಮಸಭೆಯ ಒಬ್ಬ ನ್ಯಾಯಾಧೀಶರು ತೀರಿಕೊಂಡರು, ಗುರುಗಳೇ.”

“ಕೇಳಿದೆ. ಪೀಠಕ್ಕೆ ಕರಿ ಕಂಬಳಿ ಹೊದಿಸಿದ್ದಾರಂತೆ.”

ಆ ರಾಜ್ಯದ ಕಟ್ಟಳೆ ಅದು. ಒಟ್ಟು ಏಳು ಪೀಠ; ಒಮ್ಮೆ ಕೂತವರು ಸಾಯುವ ತನಕ ಕೂತೇ ಇರುತ್ತಾರೆ. ಖಾಲಿಯಾದ ಪೀಠದ ಕಂಬಳಿ ಸರಿಸಿ ಹೊಸಬರನ್ನು ಕೂರಿಸುವವನು ಮಂತ್ರಿ.

“ಉಳಿದ ಆರರಲ್ಲಿ ಮೂವರು ನಮ್ಮ ಕಡೆ, ಮೂವರು ಅವರ ಕಡೆ. ಯುಗಾದಿಗೆ ನನ್ನ ಮಂತ್ರಿಗಿರಿ ಮುಗಿಯುತ್ತದೆ. ಮರುದಿನವೇ ವೈರಿಗಳು ನನ್ನನ್ನು ಆ ಸಭೆಗೆ ಎಳೆಯುತ್ತಾರೆ. ಅಷ್ಟರೊಳಗೆ ನಮ್ಮವನೊಬ್ಬ ಅಲ್ಲಿ ಕೂತಿರಬೇಕು.”

“ಹಿಂದೆ ಅವರ ಮಂತ್ರಿ ಇದ್ದಾಗಲೂ ಒಂದು ಪೀಠ ಖಾಲಿಯಾಗಿತ್ತು. ‘ಹೋಗುವವನು ಕೂರಿಸಬಾರದು, ಬರುವವನು ಕೂರಿಸಲಿ’ ಅಂತ ಬೀದಿಬೀದಿಯಲ್ಲಿ ಕೂಗಿದವನು ನೀನೇ ಅಲ್ಲವೇನಯ್ಯ?”

“ಆಗ ಆ ಮಾತು ಬೇಕಿತ್ತು. ಈಗ ಈ ಮಾತು ಬೇಕು.”

“ಕೊಳ್ಳುವಾಗ ಒಂದು ಸೇರು, ಮಾರುವಾಗ ಒಂದು ಸೇರು!” ಗುರುಗಳು ನಕ್ಕರು. “ಸರಿ, ಯಾರನ್ನು ಆರಿಸಿದ್ದೀಯ?”

“ಅಗೋ, ಆ ವರದಯ್ಯನನ್ನು. ಕಾನೂನು ಬಾಯಿಪಾಠ. ವಯಸ್ಸು ಮೂವತ್ತೈದು, ಗಟ್ಟಿ ಆಳು; ಇನ್ನು ನಲವತ್ತು ವರ್ಷ ಅಲ್ಲಾಡುವುದಿಲ್ಲ. ನನ್ನ ಕೈಕೆಳಗೆ ಎಂಟು ವರ್ಷ ಇದ್ದಾನೆ, ಒಂದು ದಿನ ಎದುರಾಡಿಲ್ಲ.”

“ಅದಕ್ಕೂ ಮುಂಚೆ?”

“ಹಿಂದಿನ ಮಂತ್ರಿಯ ಬಳಿ ಇದ್ದ. ಅವನಿಗೂ ಎದುರಾಡಿದವನಲ್ಲ” ಎಂದ ದೇಪರಸ, ಹೆಮ್ಮೆಯಿಂದಲೇ.

ಗುರುಗಳು ಕೈಬೀಸಿ ವರದಯ್ಯನನ್ನು ಹತ್ತಿರ ಕರೆದರು.

“ಅಪ್ಪಾ, ಬರುವ ವರ್ಷ ಈ ದೇಪರಸನನ್ನೇ ತಂದು ನಿನ್ನ ಮುಂದೆ ನಿಲ್ಲಿಸಿದರು ಅನ್ನು. ಏನು ತೀರ್ಪು ಕೊಡುತ್ತೀ?”

ವರದಯ್ಯ ಕೈಮುಗಿದ. ಪ್ರಶ್ನೆಯನ್ನು ಒಳಗೊಳಗೇ ತೂಗಿ ನೋಡಿದ. ಆಮೇಲೆ ಬಹಳ ವಿನಯದಿಂದ ಕೇಳಿದ:

“ಆಗ ಮಂತ್ರಿ ಯಾರಾಗಿರುತ್ತಾರೆ, ಸ್ವಾಮಿ?”

ದೇಪರಸನ ಕೈ ಸೊಂಟಕ್ಕೆ ಹೋಯಿತು. ನೇಮಕದ ಓಲೆ ಅಲ್ಲೇ ಇತ್ತು, ಮುದ್ರೆಯೊಂದು ಬಾಕಿ. ವರದಯ್ಯನನ್ನು ಮರದಡಿಗೆ ಕಳಿಸಿ ಗುರುಗಳತ್ತ ಬಾಗಿದ.

“ಈಗೇನು ಮಾಡಲಿ, ಗುರುಗಳೇ?”

“ಧಾರಾಳವಾಗಿ ಕೂರಿಸು. ಆಮೇಲೆ ನೀನು ಮಾತ್ರ ನಿನ್ನ ಗಾದಿಯಿಂದ ಏಳಬೇಡ.”